ಮುಖಪುಟದಲ್ಲಿ ಅವನು, ಎದುರಿಗೆ ಅವಳು

(ಶಿರಸಿಯಲ್ಲಿ ಕಾದಂಬರಿ ಬರೆಯುವವರು, ಪ್ರಕಟಿಸುವವರು ಮತ್ತು ಮುಖಪುಟ ಮಾಡುವವರ ಎದುರು ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಐತಿಹಾಸಿಕ ಪ್ರೇಮಕಾದಂಬರಿಯೊಂದರ ಮುಖಪುಟಕ್ಕೆ ಗಂಡಸಿನ ಚಿತ್ರ ಹಾಕಿ, ಕೈಗೊಂದು ಕತ್ತಿ ಕೊಟ್ಟು, ಬೆನ್ನ ಹಿಂದೆ ಕೋಟೆ ನಿಲ್ಲಿಸಿದರೆ ಏನಾಗುತ್ತದೆ? ಅಂಗಡಿಯವರು ಅದನ್ನು ಮಯೂರವರ್ಮ, ಮದಕರಿನಾಯಕರ ಸಾಲಿನಲ್ಲಿ ಇಡುತ್ತಾರೆ. ಯುದ್ಧದ ಕಥೆ ಬೇಕೆಂದು ಕೊಂಡವರಿಗೆ ನಲವತ್ತನೇ ಪುಟದಲ್ಲಿ ಬೆಳದಿಂಗಳು, ಹೂವಿನ ದಂಡೆ ಸಿಕ್ಕಿ ಬೇಸರವಾಗುತ್ತದೆ. ಬೆಳದಿಂಗಳೇ ಬೇಕಿದ್ದವರು ಆ ಕಪಾಟಿನ ಹತ್ತಿರ ಸುಳಿಯುವುದೇ ಇಲ್ಲ. "ನಾಯಕನನ್ನು ಹಾಕಿದರೆ ಪುಸ್ತಕ ಓಡೂದಿಲ್ಲ" ಅನ್ನುವ ಮಾತು ಹೀಗೇ ಹುಟ್ಟುತ್ತದೆ. ಆ ಕತ್ತಿಯನ್ನು ಕಿತ್ತುಕೊಂಡು ನೋಡಿದವರು ಕಡಿಮೆ.

ಗಂಡಸನ್ನು ಮುಂದೆ ತರುವ ಪದ್ಧತಿ ಬೆಳೆದದ್ದು ಅಮೆರಿಕದ ಪೇಪರ್‌ಬ್ಯಾಕ್ ವ್ಯಾಪಾರದಲ್ಲಿ. 1972ರಲ್ಲಿ ಏವನ್ ಪ್ರಕಾಶನ ಕ್ಯಾಥ್ಲೀನ್ ವುಡಿವಿಸ್ ಅವರ 'ದಿ ಫ್ಲೇಮ್ ಅಂಡ್ ದಿ ಫ್ಲವರ್' ತಂದ ಮೇಲೆ ದಪ್ಪ ಐತಿಹಾಸಿಕ ಪ್ರೇಮಕಾದಂಬರಿಗಳಿಗೆ ಅಲ್ಲಿ ದೊಡ್ಡ ಪೇಟೆ ತೆರೆಯಿತು. ಮುಖಪುಟಕ್ಕೂ ಒಂದು ಅಚ್ಚು ಬಂತು, ಅಪ್ಪುಗೆಯ ಚಿತ್ರ. ಅಲ್ಲಿಯವರ ಮಾತಿನಲ್ಲಿ 'ಕ್ಲಿಂಚ್'. ಆಕೆ ಮುಂದೆ, ಕುಪ್ಪಸ ಜಾರಿದೆ, ಬೆಳಕೆಲ್ಲ ಅವಳ ಮೇಲೆ. ಆತ ಹಿಂದೆ, ಅರ್ಧ ಕತ್ತಲಲ್ಲಿ. ಓದುವವರು ಬಹುಪಾಲು ಹೆಂಗಸರು. ಆದರೆ ಔಷಧಿ ಅಂಗಡಿ, ಸೂಪರ್‌ಮಾರ್ಕೆಟ್ಟುಗಳ ಸ್ಟ್ಯಾಂಡಿಗೆ ಪುಸ್ತಕ ತುಂಬುವ ಸಗಟು ವ್ಯಾಪಾರಿಗಳು ಬಹುಪಾಲು ಗಂಡಸರು. ಮೊದಲು ಮೆಚ್ಚಿಸಬೇಕಾಗಿದ್ದುದು ಅವರನ್ನು. 1980ರ ದಶಕದ ಕೊನೆಗೆ ಇಟಲಿಯ ಫ್ಯಾಬಿಯೋ ಎಂಬ ಉದ್ದಗೂದಲಿನ ರೂಪದರ್ಶಿ ನೂರಾರು ಮುಖಪುಟಗಳಲ್ಲಿ ಕಾಣಿಸಿಕೊಂಡ. ಇಲೇನ್ ಡುಯಿಲೋ ಅವರಂಥ ಚಿತ್ರಕಲಾವಿದರು ಅವನನ್ನು ಬಣ್ಣದಲ್ಲಿ ಬರೆದರು. ಬೆಳಕು ಅವಳಿಂದ ಅವನ ಮೇಲೆ ಸರಿಯಿತು. ಕ್ರಮೇಣ ಎಷ್ಟೋ ಪುಸ್ತಕಗಳಲ್ಲಿ ಅವಳು ಚೌಕಟ್ಟು ಬಿಟ್ಟೇ ಹೋದಳು. ಹೋದದ್ದೆಲ್ಲಿಗೆ? ಪುಸ್ತಕ ಕೈಯಲ್ಲಿ ಹಿಡಿದು ನಿಂತಿದ್ದಾಳಲ್ಲ, ಅಲ್ಲಿಗೆ.

ಇದೆಲ್ಲ ಹೊರಗಿನವರ ಚಾಳಿ ಅನ್ನುವವರು ರಘುವಂಶದ ಏಳನೇ ಸರ್ಗ ತೆಗೆಯಿರಿ. ಇಂದುಮತಿಯ ಸ್ವಯಂವರ ಮುಗಿದು ಅಜ ಊರೊಳಗೆ ಬರುತ್ತಿದ್ದಾನೆ. ಹೆಂಗಸರೆಲ್ಲ ಕೈಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಾರೆ. ಒಬ್ಬಳ ಕಾಲಿಗೆ ಅರಗಿನ ಬಣ್ಣ ಹಚ್ಚುತ್ತಿದ್ದರು. ಹಸಿ ಕಾಲನ್ನು ಎಳೆದುಕೊಂಡು ಓಡಿದ್ದಕ್ಕೆ ಕಿಟಕಿಯವರೆಗೂ ಕೆಂಪು ಹೆಜ್ಜೆ. ಒಬ್ಬಳ ಒಂದು ಕಣ್ಣಿಗೆ ಮಾತ್ರ ಕಾಡಿಗೆ. ಒಬ್ಬಳ ಅರ್ಧ ಪೋಣಿಸಿದ ಡಾಬಿನ ಮಣಿಗಳು ಹೆಜ್ಜೆಹೆಜ್ಜೆಗೂ ಉದುರಿ, ಉಳಿದದ್ದು ದಾರ. ಅಜನ ಕಣ್ಣು ಹೇಗಿತ್ತು, ತೋಳು ಹೇಗಿತ್ತು ಎಂದು ಆ ಪದ್ಯಗಳಲ್ಲಿ ಕಾಳಿದಾಸ ವರ್ಣಿಸುತ್ತ ಕೂರುವುದಿಲ್ಲ. ಆ ಕೆಂಪು ಹೆಜ್ಜೆ ನೋಡಿದರೆ ಸಾಕು, ಅವನೆಂಥ ಚೆಲುವ ಎಂದು ಗೊತ್ತಾಗುತ್ತದೆ. ಮುಖಪುಟದಲ್ಲಿ ನಾವು ಮಾಡಬೇಕಾದ್ದೂ ಇಷ್ಟೇ: ಕಾಣುವವನು ಒಬ್ಬ, ನೋಡುತ್ತಿರುವವಳ ಗುರುತು ಮಾತ್ರ ಎಲ್ಲೋ ಒಂದು ಕಡೆ ಇರಬೇಕು.

ಆ ಗುರುತನ್ನು ಇಡುವ ಮೊದಲ ಜಾಗ ಕಣ್ಣು. ನೇರ ಕ್ಯಾಮೆರಾ ನೋಡಿದರೆ ಸಿನಿಮಾ ಪೋಸ್ಟರ್ ಆಗುತ್ತದೆ. ದೂರದ ದಿಗಂತ ನೋಡಿದರೆ ದಂಡಯಾತ್ರೆಗೆ ಹೊರಟಂತೆ. ಲೆನ್ಸಿನಿಂದ ಒಂದು ಗೇಣು ಪಕ್ಕಕ್ಕೆ, ನಾಲ್ಕು ಬೆರಳು ಕೆಳಕ್ಕೆ ಒಂದು ಗುರುತು ಮಾಡಿ ಅಲ್ಲಿ ನೋಡಲು ಹೇಳಿ. ಹತ್ತಿರದಲ್ಲಿ, ತನಗಿಂತ ತುಸು ಕುಳ್ಳಗಿರುವ ಯಾರನ್ನೋ ನೋಡಿದ ಹಾಗೆ ಬರುತ್ತದೆ. ಪಕ್ಕ ಅಂದರೆ ಕ್ಯಾಮೆರಾ ಹಿಡಿದವರ ಬಲಕ್ಕೆ. ಕನ್ನಡ ಪುಸ್ತಕದ ಬೆನ್ನು ಎಡಕ್ಕೆ, ತೆರೆಯುವ ಅಂಚು ಬಲಕ್ಕೆ. ಎಡಕ್ಕೆ ನೋಡುವವನು ಬೆನ್ನಿಗೆ ಮುಖ ಮಾಡಿ ಮುನಿಸಿಕೊಂಡವನ ಹಾಗೆ ಕಾಣುತ್ತಾನೆ.

ಎರಡನೆಯ ಜಾಗ ಕೈ. ಕತ್ತಿ ಕಿತ್ತುಕೊಂಡ ಮೇಲೆ ಆ ಕೈಗೆ ಏನಾದರೂ ಕೊಡಲೇಬೇಕು, ಇಲ್ಲದಿದ್ದರೆ ರೂಪದರ್ಶಿ ಅದನ್ನು ಸೊಂಟದ ಮೇಲಿಟ್ಟು ಮತ್ತೆ ರಾಜನಾಗಿಬಿಡುತ್ತಾನೆ. ನಮ್ಮ ಕರಾವಳಿಯ ಕಥೆಗೆ ಸುರಗಿ ದಂಡೆಗಿಂತ ಒಳ್ಳೆಯದಿಲ್ಲ. ಕಂದು ಮೈಬಣ್ಣದ ಮೇಲೆ ಅದರ ಕೆನೆಬಿಳಿ ಚೆನ್ನಾಗಿ ಎದ್ದು ಕಾಣುತ್ತದೆ, ಮಲ್ಲಿಗೆಯಷ್ಟು ಸವೆದ ಗುರುತೂ ಅಲ್ಲ. ಸುರಗಿ ಸಿಗುವುದು ಬೇಸಿಗೆಯ ಮೊದಲಲ್ಲಿ. ಮೊಗ್ಗಿರುವಾಗಲೇ ಕೊಯ್ದು ಕಟ್ಟಿಸಿ, ಬಾಳೆ ಎಲೆಯಲ್ಲಿ ಸುತ್ತಿ ಒದ್ದೆ ಬಟ್ಟೆ ಮುಚ್ಚಿಡಿ, ಫೋಟೋ ತೆಗೆಯುವ ಹೊತ್ತಿಗೆ ಬಿಚ್ಚಿ. ಬಿಸಿಲಿಗೆ ಹಿಡಿದ ಹೂ ಬೇಗ ಕಂದುತ್ತದೆ, ಕಂದಿದ್ದನ್ನು ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿದರೆ ಪ್ಲಾಸ್ಟಿಕ್ ಹೂವಾಗುತ್ತದೆ.

ಮೂರನೆಯದು ಉಡುಪು. ಪಾಶ್ಚಾತ್ಯ ಮಾದರಿಯನ್ನು ಹಾಗೇ ಎತ್ತಿ ತಂದರೆ ಹೆಚ್ಚು ಎಡವುವುದು ಇಲ್ಲಿ. ಆ ಮುಖಪುಟಗಳಲ್ಲಿ ಎದೆ ತೆರೆದ ಬಿಳಿ ಅಂಗಿ ಕಾಣುತ್ತದಲ್ಲ, ಅದಕ್ಕೆ ಅಲ್ಲಿ ಒಂದು ಅರ್ಥವಿದೆ. ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲೆಂಡಿನ ಸಭ್ಯ ಗಂಡಸು ಅಂಗಿಯ ಮೇಲೆ ವೇಸ್ಟ್‌ಕೋಟು, ಅದರ ಮೇಲೆ ಕೋಟು, ಕೊರಳಿಗೆ ಕ್ರಾವಟ್ ಎಂಬ ಬಟ್ಟೆಪಟ್ಟಿ ಸುತ್ತಿಕೊಂಡೇ ಹೊರಗೆ ಬರುತ್ತಿದ್ದ. ಬರೀ ಅಂಗಿಯಲ್ಲಿ ಇದ್ದಾನೆಂದರೆ ಹೆಚ್ಚುಕಡಿಮೆ ಒಳಉಡುಪಿನಲ್ಲಿ ಇದ್ದ ಹಾಗೆ. ತೆರೆದ ಅಂಗಿ ಎಂದರೆ ಮುಚ್ಚಿದ ಬಾಗಿಲು. (ಅಂದಹಾಗೆ ಆ ಕಾಲದ ಅಂಗಿ ಎದೆಯವರೆಗಷ್ಟೇ ಸೀಳಿರುತ್ತಿತ್ತು, ತಲೆಯ ಮೇಲಿಂದ ಹಾಕಿಕೊಳ್ಳುತ್ತಿದ್ದರು. ಕೆಳತನಕ ಗುಂಡಿ ಬಿಚ್ಚಿದ ಅಂಗಿ ತೋರಿಸುವ ಮುಖಪುಟಗಳು ಅಲ್ಲಿಯೂ ತಪ್ಪೇ.) ನಮ್ಮಲ್ಲಿ ಹಾಗಲ್ಲ. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವನು ಬರಿಮೈ, ದೇವಸ್ಥಾನದ ಭಟ್ಟರು ಬರಿಮೈ, ಊಟದ ಪಂಕ್ತಿಯಲ್ಲಿ ಶಲ್ಯ ಹೊದ್ದವರ ಮೈಯೂ ಮುಕ್ಕಾಲು ಬರಿದು. ಶಿರಸಿ ಸೀಮೆಯಲ್ಲಿ ಗಂಡಸಿನ ಬರಿಯೆದೆ ಕಂಡು ಯಾರ ಎದೆಯೂ ಝಲ್ಲೆನ್ನುವುದಿಲ್ಲ.

ಹಾಗಾದರೆ ನಮ್ಮ ಗಂಡಸು ಯಾವಾಗ 'ಒಳಮನೆಯವನು' ಆಗುತ್ತಾನೆ? ತಲೆಯದ್ದನ್ನು ತೆಗೆದಾಗ. ಮುಂಡಾಸು ಸಭೆಗೆ, ಬೀದಿಗೆ. ಅದನ್ನು ಬಿಚ್ಚುವುದು ತನ್ನವರ ಎದುರಿಗೆ. ಯಕ್ಷಗಾನದವರು ವೇಷ ಕಟ್ಟುವ ಚೌಕಿಯನ್ನು ಒಮ್ಮೆ ಹೊಕ್ಕವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಂಗಸ್ಥಳದಲ್ಲಿ ಕರ್ಣನಾಗಿದ್ದವರು ಮುಂಡಾಸು ಬಿಚ್ಚಿದ ಕ್ಷಣಕ್ಕೆ ಮನೆಯ ಮನುಷ್ಯರಾಗುತ್ತಾರೆ, ಬಣ್ಣ ಇನ್ನೂ ಮುಖದ ಮೇಲಿದ್ದರೂ.

ಆದ್ದರಿಂದ ಮುಂಡಾಸು ಅರ್ಧ ಬಿಚ್ಚಿದ ಕ್ಷಣವನ್ನು ಹಿಡಿಯಿರಿ. ಪೂರ್ತಿ ಕಟ್ಟಿದ್ದರೆ ದರ್ಬಾರು, ಪೂರ್ತಿ ಬಿಚ್ಚಿಟ್ಟರೆ ಮಲಗಲು ಹೊರಟವನು. ಐದಾರು ಮೀಟರಿನ ಹಳೆಯ ಮೆತ್ತನೆ ಹತ್ತಿ ಬಟ್ಟೆ ಬೇಕು. ಹೊಸದಾದರೆ ಎರಡು ಮೂರು ಸಲ ಒಗೆದು ಗಂಜಿ ಬಿಡಿಸಿ. ಗಂಜಿಯ ಬಟ್ಟೆ ಹೆಗಲ ಮೇಲೆ ಹಲಗೆಯ ಹಾಗೆ ನಿಲ್ಲುತ್ತದೆ. ಪಾಲಿಸ್ಟರ್ ಬೇಡವೇ ಬೇಡ, ಮಡಿಕೆಮಡಿಕೆಗೂ ಬಿಳಿ ಗೆರೆ ಹೊಳೆಯುತ್ತದೆ. ಫೋಟೋಕ್ಕೆ ಇಪ್ಪತ್ತು ನಿಮಿಷ ಮೊದಲು ಬಿಗಿಯಾಗಿ ಕಟ್ಟಿಸಿ ಕೂರಿಸಿ. ಬಿಚ್ಚುವಾಗ ಹಣೆಯ ಮೇಲೆ ಬಟ್ಟೆ ಕೂತ ಗೆರೆ, ಒತ್ತಿಹೋದ ಕೂದಲು ಎರಡೂ ನಿಜವಾಗಿಯೇ ಇರುತ್ತವೆ. ಆ ಗೆರೆಯನ್ನು ಆಮೇಲೆ ಚಿತ್ರ ತಿದ್ದುವವರು "ಕಲೆ" ಎಂದು ಅಳಿಸಿಬಿಡುತ್ತಾರೆ, ಮೊದಲೇ ಹೇಳಿಡಿ. ಒಂದು ಕೈ ಸುತ್ತನ್ನು ತಡೆದಿರಲಿ, ಇನ್ನೊಂದು ಕೈ ಸೆರಗನ್ನು ಎಳೆಯುತ್ತಿರಲಿ. ಗದ್ದ ತಾನಾಗಿ ತುಸು ಕೆಳಗಿಳಿಯುತ್ತದೆ, ಕತ್ತಿನ ನರ ಕಾಣುತ್ತದೆ, ಕಣ್ಣು ಮಾತ್ರ ಆ ನಾಲ್ಕು ಬೆರಳು ಕೆಳಗಿನ ಗುರುತಿಗೆ ಏಳುತ್ತದೆ. ಮೂವತ್ತು ನಲವತ್ತು ಸಲ ಮಾಡಿಸಿದರೆ ಒಂದೆರಡು ಸಿಕ್ಕಾವು. ಕಥೆ ವಿಜಯನಗರ ಕಾಲದ ಆಸ್ಥಾನದ್ದಾದರೆ ಮುಂಡಾಸಿನ ಬದಲು ಕುಲ್ಲಾಯಿ. ತಿರುಮಲದಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲಿರುವ ಎತ್ತರದ ಟೋಪಿ ಅದೇ. ತೆಗೆದು ಕೈಯಲ್ಲಿ ಹಿಡಿಸಿದರೆ ಸಾಕು.

ಯಕ್ಷಗಾನದ ಮಾತು ಬಂತೆಂದು ನಾಯಕನಿಗೆ ವೇಷವನ್ನೇ ಕಟ್ಟಿಸಬೇಡಿ. ಭುಜಕೀರ್ತಿ, ಎದೆಕಟ್ಟು ಕಂಡ ಕೂಡಲೇ ಓದುಗರಿಗೆ ಅದು ಪ್ರಸಂಗದ ಪುಸ್ತಕ. ಕಲಾವಿದರ ಫೋಟೋವನ್ನು ಅವರನ್ನೂ ತೆಗೆದವರನ್ನೂ ಕೇಳದೆ ಎತ್ತುವುದಂತೂ ಕೂಡದು.

ಪಶ್ಚಿಮದಲ್ಲಿ ಇನ್ನೊಂದು ರೂಢಿ ಇದೆ, ಗದ್ದದ ಮೇಲೆ ಚಿತ್ರ ಕತ್ತರಿಸಿ ಬರೀ ಮೈ ತೋರಿಸುವುದು. ಮುಖವನ್ನು ಓದುವವಳೇ ತುಂಬಿಕೊಳ್ಳಲಿ ಎಂಬ ಲೆಕ್ಕ. ನಮ್ಮ ಕಣ್ಣಿಗೆ ಅದು ರುಂಡ ಹೋದ ಮುಂಡ. ಮುಖ ಪೂರ್ತಿ ತೋರಿಸಲು ಇಷ್ಟವಿಲ್ಲದಿದ್ದರೆ ಮುಕ್ಕಾಲು ತಿರುಗಿಸಿ ಅರ್ಧ ನೆರಳಿಗೆ ಬಿಡಿ. ಇಲ್ಲವೇ ಹೆಡಕಿನ ಕಡೆಯಿಂದ, ಕಿವಿಯ ಒಂಟಿ ಮತ್ತು ಕೆನ್ನೆಯ ಅಂಚು ಕಾಣುವಂತೆ ತೆಗೆಯಿರಿ.

ಈಗ ಫೋಟೋ ತೆಗೆಯುವ ಕ್ರಮ. ಕ್ಯಾಮೆರಾ ನೆಲದ ಹತ್ತಿರವಿದ್ದು ಮೇಲೆ ನೋಡಿದರೆ ಗಂಡಸು ದೊರೆಯಾಗುತ್ತಾನೆ. ಅವನ ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಸಾಕು, ಎದುರು ನಿಂತ ಹೆಣ್ಣಿನ ಕಣ್ಣಿನ ಎತ್ತರ ಹೆಚ್ಚುಕಡಿಮೆ ಅದೇ. 85 ಎಂಎಂ ಲೆನ್ಸು ಒಳ್ಳೆಯದು. 35ರಲ್ಲಿ ಹತ್ತಿರ ಹೋಗಿ ತೆಗೆದರೆ ಮೂಗು, ಮುಂದೆ ಚಾಚಿದ ಕೈ ಎರಡೂ ಊದಿಕೊಳ್ಳುತ್ತವೆ. ಸೊಂಟದಿಂದ ಮೇಲಕ್ಕೆ ಹಿಡಿಯಿರಿ. ಡೆಮಿ ಅಷ್ಟಮ ಅಳತೆಯ (5.5 × 8.5 ಇಂಚು) ಪುಟದಲ್ಲಿ ತಲೆಯ ಎತ್ತರ ಐದರಲ್ಲೊಂದು ಪಾಲು, ಸುಮಾರು 1.7 ಇಂಚು ಬರಬೇಕು. ಪಾದದವರೆಗೆ ಹಿಡಿದರೆ ತಲೆ ಇಂಚಿನಷ್ಟೂ ಉಳಿಯುವುದಿಲ್ಲ, ಮುಖದ ಭಾವ ಸತ್ತು ಶಾಲೆಯ ಗೋಡೆಯ ಮಹಾಪುರುಷರ ಪಟವಾಗುತ್ತದೆ.

ಅಡಿಕೆ ತೋಟದಲ್ಲಿ ತೆಗೆಯುವವರಿಗೆ ಒಂದು ಎಚ್ಚರಿಕೆ. ಕಣ್ಣಿಗೆ ಆ ಬೆಳಕು ಬಲು ಹಿತ, ಆದರೆ ಅದು ಸೋಗೆಗಳಿಂದ ಸೋಸಿ ಬಂದ ಹಸಿರು ಬೆಳಕು. ಮೈಮೇಲೆ ಬಿದ್ದರೆ ನಾಯಕ ಕಾಮಾಲೆ ಆದವನ ಹಾಗೆ. ಇಡೀ ಚಿತ್ರಕ್ಕೆ ಕೆಂಪು ಸೇರಿಸಿ ಸರಿಮಾಡಲು ಹೋದರೆ ತೋಟವೇ ಒಣಗುತ್ತದೆ. ತೋಟದಂಚಿಗೆ ಬನ್ನಿ, ತೆರೆದ ಆಕಾಶ ಮುಖದ ಮೇಲೆ ಬೀಳಲಿ, ತೋಟ ಹಿನ್ನೆಲೆಗೆ ಮಾತ್ರ ಇರಲಿ. ಕಾಲ ಬಳಿ ಬಿಳಿ ಪಂಚೆ ಹಾಸಿದರೆ ಕೆಳಗಿನಿಂದ ಏಳುವ ಹಸಿರೂ ತಗ್ಗುತ್ತದೆ. ಆಮೇಲೆ ಬಣ್ಣ ಸರಿಮಾಡಲು, ಬೂದು ಕಾರ್ಡನ್ನು ಮುಖದ ಪಕ್ಕ ಹಿಡಿದು ಮೊದಲೊಂದು ಚಿತ್ರ ತೆಗೆದಿಟ್ಟುಕೊಳ್ಳಿ. ಮಳೆಗಾಲದ ಮೋಡದ ದಿನ ಶಿರಸಿಯಲ್ಲಿ ಸಿಗುವ ಮೆತ್ತನೆ ಬೆಳಕಿಗೆ ಯಾವ ಸ್ಟುಡಿಯೋ ದೀಪವೂ ಸಮನಲ್ಲ.

ಕಾರವಾರದ ಕಡಲತೀರದಲ್ಲಿ ಸಮುದ್ರ ಪಶ್ಚಿಮಕ್ಕೆ. ಸಂಜೆ ಸಮುದ್ರ ಹಿನ್ನೆಲೆಗೆ ಬೇಕೆಂದರೆ ಸೂರ್ಯ ಅವನ ಬೆನ್ನಿಗೆ, ಮುಖ ಕಪ್ಪು. ನಾಲ್ಕಡಿ ಉದ್ದದ ಬಿಳಿ ಥರ್ಮಾಕೋಲ್ ಹಲಗೆ ಎದುರಿಗೆ ಹಿಡಿದರೆ ಬೆಳಕು ಮುಖಕ್ಕೆ ಮರಳುತ್ತದೆ, ಗಾಳಿಗೆ ಹಾರದಂತೆ ಇಬ್ಬರು ಹಿಡಿಯಬೇಕು. ಏಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸು ಮಂಜಾಗುತ್ತದೆ. ಚೀಲದಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಿರಿ.

ಆ ತೀರದಲ್ಲಿ ಬೆಳಕಿಗಿಂತ ದೊಡ್ಡ ತೊಡಕು ಮರದ್ದು. ಅಲ್ಲಿ ಗಾಳಿಮರ ನೆಡತೊಡಗಿದ್ದು 1868ರ ಹೊತ್ತಿಗೆ. ಗೇರುಸೊಪ್ಪೆಯ ಕಾಲದ, ಹದಿನಾರನೇ ಶತಮಾನದ ನಾಯಕ ಗಾಳಿಮರಕ್ಕೆ ಒರಗಿ ನಿಂತರೆ ಮುನ್ನೂರು ವರ್ಷ ಮುಂದೆ ಹೋಗಿ ನಿಂತ ಹಾಗೆ. ಗೇರುಮರ ಬಂದದ್ದು ಪೋರ್ಚುಗೀಸರ ಜೊತೆ. ಬನವಾಸಿ ಕದಂಬರ ಹಿಂದೆ ಅದು ಇರಕೂಡದು. ದೇವಕಣಗಿಲೆ, ಕಾಗದದ ಹೂ ಎರಡೂ ಅಮೆರಿಕ ಖಂಡದವು. ತೆಂಗು, ತಾಳೆ, ಕೇದಗೆ, ಹೊನ್ನೆ, ಸುರಗಿ ಯಾವ ಕಾಲಕ್ಕೂ ಸಲ್ಲುತ್ತವೆ. ಮಿರ್ಜಾನ ಕೋಟೆಯ ಹಾವಸೆ ಹಿಡಿದ ಕಲ್ಲು ಇವತ್ತು ಎಷ್ಟೇ ಚೆಂದ ಕಂಡರೂ, ಕಥೆಯ ಕಾಲಕ್ಕೆ ಅದು ಜನ ಬಾಳುತ್ತಿದ್ದ ಕೋಟೆ. ಪಾಳು ಗೋಡೆ ತೋರಿಸಿದರೆ ನಾಯಕ ಪ್ರವಾಸಿಯಾಗುತ್ತಾನೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಟ್ಟು ತೆಗೆಯಲು ಅನುಮತಿ ಬೇಕು ಎಂಬುದೂ ನೆನಪಿರಲಿ.

ಮೈಮೇಲಿನ ಗುರುತುಗಳು: ಎಡತೋಳಿನ ಲಸಿಕೆ ಕಲೆ, ವಾಚು ಕಟ್ಟಿದ ಬಿಳಿ ಪಟ್ಟಿ, ಬನಿಯನ್ನಿನ ಗಡಿ. ಇವು ಮೂರನ್ನೂ ಮೇಕಪ್ಪಿನಲ್ಲೇ ಮುಚ್ಚಿಸಿ. ನಾಟಕದ ಬಾಡಿಗೆ ಅಂಗಡಿಯಿಂದ ತಂದ ಕಿರೀಟ, ಕದಂಬರ ಕೈಗೆ ಮೊಘಲ್ ಹಿಡಿಕೆಯ ಕತ್ತಿ, ಮರಾಠಿ ಪಗಡಿ ಇವನ್ನೆಲ್ಲ ಎಷ್ಟು ಸಲ ಹೇಳುವುದು! ಕಂಪ್ಯೂಟರೇ ಬರೆದುಕೊಡುವ ಚಿತ್ರಗಳಲ್ಲಿ ಈ ತಪ್ಪುಗಳೆಲ್ಲ ಎಷ್ಟೋ ಸಲ ಒಟ್ಟಿಗೆ ಬರುತ್ತವೆ, ಜೊತೆಗೆ ಕೊರಳ ಸರ ಚರ್ಮದೊಳಗೆ ಕರಗಿರುವುದೂ ಉಂಟು.

ಅಕ್ಷರದ ಮಾತಿಗೆ ಬರೋಣ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೇರುತ್ತದೆ. ಎರಡು ಸಾಲಿನ ಶೀರ್ಷಿಕೆಗೆ ಇಂಗ್ಲಿಷಿನ ಅಂತರ ಕೊಟ್ಟರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಚುಚ್ಚುತ್ತದೆ. ಸಾಲಿನಿಂದ ಸಾಲಿಗೆ ಅಕ್ಷರದ ಗಾತ್ರದ ಶೇಕಡಾ 130ರಿಂದ 140ರಷ್ಟು ಅಂತರ ಬೇಕು. ಶೀರ್ಷಿಕೆ ಎದೆಯ ಕೆಳಭಾಗಕ್ಕೆ ಬರಲಿ, ಕತ್ತಿನ ಮೇಲೆ ಬೇಡ. ನಾಯಕನ ಚೆಲುವೆಲ್ಲ ಈಗ ಕತ್ತಿನಲ್ಲೇ ಇದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಯುನಿಕೋಡ್ ಕನ್ನಡ ಅಂಟಿಸಿದಾಗ ಒತ್ತುಗಳು ಬಿಡಿಬಿಡಿಯಾಗಿ ಬಿದ್ದರೆ ಗಾಬರಿ ಬೇಡ, ಪ್ಯಾರಾಗ್ರಾಫ್ ಪಟ್ಟಿಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ.

ಇ-ಪುಸ್ತಕಕ್ಕೆ 1600 × 2560 ಪಿಕ್ಸೆಲ್ (ಅಗಲ × ಎತ್ತರ) ಚಿತ್ರ ಕೊಡುತ್ತೀರಿ, ಓದುಗರು ಫೋನಿನಲ್ಲಿ ಮೊದಲು ನೋಡುವುದು ಹೆಬ್ಬೆರಳಿನ ಉಗುರಿನಷ್ಟು ಅಗಲದ ಚಿತ್ರವನ್ನು. 150 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ. ಜರಿ, ಕಸೂತಿ, ಕೋಟೆ ಎಲ್ಲ ಮಾಯ. ಉಳಿಯುವುದು ಮುಖ-ಕತ್ತಿನ ಬೆಳಕು, ಸುತ್ತಲ ಕತ್ತಲು, ಹೆಸರು. ಈ ಮೂರು ಬಿಡಿಬಿಡಿಯಾಗಿ ಕಂಡರೆ ಸರಿ. ಬಣ್ಣ ಕಂದು-ಕೇಸರಿಗೆ ಹೋದರೆ ಮತ್ತೆ ಯುದ್ಧದ ಕಪಾಟು. ಸಂಜೆಯ ನೀಲಿ, ಅಡಿಕೆ ಹಿಂಗಾರದ ಕೆನೆ, ಒಂದೇ ಒಂದು ಕಡೆ ಕುಂಕುಮದ ಕೆಂಪು ಇರಲಿ.

ಅಚ್ಚಿನಲ್ಲಿ ಕಂದು ಮೈಬಣ್ಣ ಕೆಡುವುದು ಹೆಚ್ಚಾಗಿ ನೀಲಿ ಶಾಯಿಯಿಂದ. ಹಳದಿ ಕೆಂಪಿಗಿಂತ ತುಸು ಹೆಚ್ಚಿರಲಿ, ನೀಲಿ ಕೆಂಪಿನ ಅರ್ಧದ ಸುತ್ತ ಇರಲಿ. ಕಪ್ಪೂ ಸೇರಿ ನಾಲ್ಕು ಶಾಯಿಗಳ ಮೊತ್ತ ಶೇಕಡಾ 300 ದಾಟಿದರೆ ಗಡ್ಡದ ನೆರಳು ಮಸಿಯಾಗುತ್ತದೆ. ಮ್ಯಾಟ್ ಲ್ಯಾಮಿನೇಶನ್ ಎಲ್ಲವನ್ನೂ ಇನ್ನೊಂದು ಸುತ್ತು ಮಂಕು ಮಾಡುತ್ತದೆ, ಪ್ರೂಫನ್ನು ಲ್ಯಾಮಿನೇಟ್ ಮಾಡಿಸಿಯೇ ನೋಡಿ. ಬೆನ್ನಿನ ದಪ್ಪವನ್ನು ಅಂದಾಜಿಗೆ ಬಿಡಬೇಡಿ: ಪ್ರೆಸ್ಸಿನವರು ಬಳಸುವ ಕಾಗದದ 100 ಹಾಳೆ ಪೇರಿಸಿ ಅಳೆಯಿರಿ. 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದದಲ್ಲಿ 240 ಪುಟಕ್ಕೆ ಸುಮಾರು 11 ಮಿಮೀ ಬರುತ್ತದೆ. ಎರಡು ಮಿಮೀ ತಪ್ಪಿದರೂ ನಾಯಕನ ಮೊಣಕೈ ಬೆನ್ನಿಗೆ ಹೋಗಿ ಕೂರುತ್ತದೆ.

ಒಂದು ವಿನಾಯಿತಿ ಹೇಳಿಬಿಡುತ್ತೇವೆ. ಕಥೆ ಗೇರುಸೊಪ್ಪೆಯ ಚೆನ್ನಭೈರಾದೇವಿಯದ್ದಾದರೆ ಇವತ್ತಿನ ಉಪನ್ಯಾಸ ಮರೆತುಬಿಡಿ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಹೆಣ್ಣಿನ ಪುಸ್ತಕದ ಮೇಲೆ ಗಂಡಸನ್ನು ನಿಲ್ಲಿಸಿದರೆ ಅವಳ ಸಿಂಹಾಸನವನ್ನೇ ಕಸಿದ ಹಾಗೆ. ಕಲ್ಪಿತ ನಾಯಕಿಗೆ ಓದುಗರು ತಮ್ಮ ಕಣ್ಣು ಕೊಡಬಹುದು. ಆಳಿದ ರಾಣಿಗೆ ಅವಳದೇ ಮುಖ ಬೇಕು.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸೇರಿಸಿದ್ದೇವೆ. "ಗಂಡಸಿನ ಪಟ ಇರೋ ಪುಸ್ತಕಾನ ಮನೇಲಿ ಮಾವನವರ ಎದುರು ಹಿಡ್ಕಂಡು ಕೂತ್ಕಳ್ಳೂದು ಹೇಗೆ?" ಎಂದು ಒಬ್ಬ ಅಕ್ಕ ಕೇಳಿದರು. ನಗು ಬಂತು, ಆದರೆ ಅಮೆರಿಕದ ಪ್ರಕಾಶಕರೂ ಇದಕ್ಕೆ ಉತ್ತರ ಹುಡುಕಬೇಕಾಗಿ ಬಂದಿತ್ತು. ಅವರು ಕಂಡುಕೊಂಡದ್ದು 'ಸ್ಟೆಪ್‌ಬ್ಯಾಕ್', ಅಂದರೆ ಎರಡು ಮುಖಪುಟ. ಹೊರಗೆ ಬರೀ ಹೂವೋ ಹೆಸರೋ, ಅದನ್ನು ತೆರೆದರೆ ಒಳಗೆ ಪೂರ್ತಿ ಪುಟದ ಚಿತ್ರ. ನಮ್ಮ ಪ್ರೆಸ್ಸುಗಳಲ್ಲೂ ಇದಾಗುತ್ತದೆ. ಹೊರಗೆ 300 ಜಿಎಸ್ಎಂ ಆರ್ಟ್ ಕಾರ್ಡ್, ಅದರ ಮೇಲೆ ಸುರಗಿ ದಂಡೆ ಮಾತ್ರ. ಬಲ ಅಂಚನ್ನು 5-6 ಮಿಮೀ ಗಿಡ್ಡ ಮಾಡಿದರೆ ಒಳಚಿತ್ರದ ಒಂದು ಎಳೆ ಇಣುಕುತ್ತದೆ. ಒಳಗೆ 220 ಜಿಎಸ್ಎಂ ಹಾಳೆಯ ಮೇಲೆ ಅವನು. ಪುಸ್ತಕದ ಮೂರು ಬದಿ ಒಟ್ಟಿಗೆ ಕತ್ತರಿಸಿದ ಮೇಲೆ ಹೊರಹಾಳೆಯನ್ನು ಗಿಡ್ಡ ಮಾಡಲು ಬರುವುದಿಲ್ಲ. ಹೊರಹಾಳೆಯ ಅಂಚನ್ನು ಒಳಕ್ಕೆ ಮಡಚುವ ಉಪಾಯವಿದೆ, ಬೈಂಡರ ಹತ್ತಿರ ಮೊದಲೇ ಮಾತಾಡಿ ಐದಾರು ಡಮ್ಮಿ (ಮಾದರಿ ಪ್ರತಿ) ಮಾಡಿಸಿ. ಎರಡೂ ಕಾರ್ಡಿನ ನಾರು ಬೆನ್ನಿಗೆ ಸಮಾಂತರವಾಗಿರಲಿ. ಅಡ್ಡ ನಾರಿನ ಕಾರ್ಡು ಮಡಿಕೆಯಲ್ಲಿ ಬಿರಿಯುತ್ತದೆ. ಒಂದೇ ಬದಿ ಲ್ಯಾಮಿನೇಟ್ ಆದ ಕಾರ್ಡಿನ ಬರಿದಾದ ಒಳಬದಿ ಕರಾವಳಿಯ ತೇವ ಕುಡಿದು ಹಿಗ್ಗಿ, ಮುಖಪುಟ ಹೊರಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಕಾರವಾರ, ಕುಮಟೆಯ ಅಂಗಡಿಗಳಲ್ಲಿ ಆಷಾಢದ ಹೊತ್ತಿಗೆ ನೋಡಿದರೆ ಗೊತ್ತಾಗುತ್ತದೆ. ಒಳಬದಿಗೆ ವಾರ್ನಿಶ್ ಹೊಡೆಸಿದರೆ ಇದು ಬಹಳ ತಗ್ಗುತ್ತದೆ. ಮಳೆಗಾಲದಲ್ಲೇ ಅಚ್ಚು ಹಾಕಿಸುವುದಾದರೆ ಅಂಟು, ಲ್ಯಾಮಿನೇಶನ್ ಎರಡೂ ನಿಧಾನ ಒಣಗುತ್ತವೆ, ಬೈಂಡಿಂಗಿಗೆ ಒಂದು ವಾರ ಹೆಚ್ಚು ಇಟ್ಟುಕೊಳ್ಳಿ.